ಪಾತ್ರೆ ಬದಲಾಯಿತು, ಅಡುಗೆಯಲ್ಲ

ಮಂಗಳವಾರ ಮಧ್ಯಾಹ್ನ,
ನಿನ್ನ ಮನೆಯ ಮೆಟ್ಟಿಲ ಮೇಲಿಂದ

ಮುನಿಸಿಕೊಂಡ ನನ್ನ ಅಕ್ಕನಿಗೆ, ಬಾಗಿಲಾಚೆಯಿಂದ ತಂಗಿಯ ನಮಸ್ಕಾರ.

ಬೆಲ್ ಒತ್ತಿ ಒತ್ತಿ ಬೆರಳು ಸೋತಿತು. ಫೋನೂ ಎತ್ತುತ್ತಿಲ್ಲ. ಒಳಗೆ ನಿನ್ನ ಮಗಳು ಗುಬ್ಬಿ ಕೆಮ್ಮುವುದು ಕೇಳಿಸುತ್ತಿದೆ. ನೀನು ಮನೆಯಲ್ಲಿಲ್ಲ ಎಂದು ನಂಬುವಷ್ಟು ಪೆದ್ದಿ ನಾನಲ್ಲ. ಈ ಕಾಗದವನ್ನು ಬಾಗಿಲಡಿಯಿಂದ ತೂರಿಸುತ್ತೇನೆ. ಹರಿಯುವುದಾದರೆ ಓದಿ ಹರಿ.

ನಮ್ಮ ಲ್ಯಾಬಿನ ಸ್ಟೋರಿನವನು ಬೆಳಿಗ್ಗೆ ಬಾಯಿಬಿಟ್ಟ. ನೀನು ಅತ್ತು ಕೇಳಿದೆಯಂತೆ, ಅವನಿಗೆ ಕರುಳು ಚುರ್ ಅಂದಿತಂತೆ, ನಮ್ಮ ಕಿಣ್ವದ ಒಂದು ಬಾಟಲಿ ನಿನ್ನ ಕೈಗಿಟ್ಟನಂತೆ. ಸಂಜೆ ಮೇಲಿನ ಮನೆಯ ನರ್ಸಮ್ಮ ಬಂದು ಅದನ್ನು ಗುಬ್ಬಿಗೆ ಚುಚ್ಚುತ್ತಾಳಂತೆ. ಅಕ್ಕಾ, ಚುಚ್ಚಿಸಬೇಡ.

ನಿನ್ನ ಲೆಕ್ಕಾಚಾರ ನನಗೆ ಗೊತ್ತು. ರಕ್ತದ ಕ್ಯಾನ್ಸರ್ ಕಣಗಳಿಗೆ ಬೇಕಾದ ಒಂದು ಆಹಾರವನ್ನು ಈ ಕಿಣ್ವ ರಕ್ತದಲ್ಲೇ ಒಡೆದುಹಾಕುತ್ತದೆ. ಸ್ವಂತ ಅಡುಗೆ ಬಾರದ ಆ ಕಣಗಳು ಹಸಿದು ಸಾಯುತ್ತವೆ. ಆಸ್ಪತ್ರೆಯದನ್ನು ಬ್ಯಾಕ್ಟೀರಿಯಾದಲ್ಲಿ ಮಾಡಿಸುತ್ತಾರೆ. ಅದು ಗುಬ್ಬಿಗೆ ಒಗ್ಗಲಿಲ್ಲ. ಮೈಯೆಲ್ಲ ದದ್ದೆದ್ದು ಉಸಿರು ಕಟ್ಟಿತು, ಡಾಕ್ಟರು ನಿಲ್ಲಿಸಿದರು. ನಿಮ್ಮದು ಯೀಸ್ಟಿನಲ್ಲಿ ಮಾಡಿದ್ದಲ್ಲವೇ, ಬ್ರೆಡ್ ಉಬ್ಬಿಸುವ ಸಾಧು ಪ್ರಾಣಿ, ಅದೇನು ಮಾಡೀತು ಎಂದು ನೀನಂದೆ. ನಾನು ಕೊಡಲ್ಲ ಎಂದಾಗ, ಲ್ಯಾಬಿನ ಯೀಸ್ಟ್ ಹುಳಕ್ಕೆ ಹೊತ್ತುಹೊತ್ತಿಗೆ ಉಣಿಸುವವಳಿಗೆ ಅಕ್ಕನ ಮಗಳು ಕಾಣಿಸಲ್ಲ ಎಂದೂ ಅಂದೆ. ಆ ಮುಳ್ಳು ಇನ್ನೂ ಹೊರಗೆ ಬಂದಿಲ್ಲ.

ಆದರೆ ಪಾತ್ರೆ ಬದಲಾಗಿದೆಯೇ ಹೊರತು ಅಡುಗೆ ಅದೇ. ಆ ಬ್ಯಾಕ್ಟೀರಿಯಾದ ಜೀನನ್ನೇ ನಾವು ಯೀಸ್ಟಿಗೆ ಸೇರಿಸಿರುವುದು. ವ್ಯತ್ಯಾಸ ಒಂದೇ, ಈ ಯೀಸ್ಟಿಗೊಂದು ಚಟ: ಹೊರಗೆ ಕಳಿಸುವುದಕ್ಕೆಲ್ಲ ಸಕ್ಕರೆ ಅಂಟಿಸಿಯೇ ಕಳಿಸುತ್ತದೆ, ನಮ್ಮ ಸೋದರತ್ತೆ ಯಾರನ್ನೂ ಬಾಯಿ ಸಿಹಿ ಮಾಡದೆ ಹೊಸಿಲು ದಾಟಿಸದ ಹಾಗೆ. ಆ ಸಕ್ಕರೆಯ ಹೊದಿಕೆ ಗುಬ್ಬಿಯ ಮೈಯನ್ನು ಏಮಾರಿಸೀತು ಎಂದು ನನಗೂ ಆಸೆಯಿತ್ತು. ಭಾವನನ್ನು ಒಪ್ಪಿಸಿ, ಆಸ್ಪತ್ರೆಯಲ್ಲಿ ಉಳಿದಿದ್ದ ಅವಳ ರಕ್ತವನ್ನು ತರಿಸಿ, ನಿನ್ನೆ ನಮ್ಮ ಕಿಣ್ವದ ಜೊತೆ ಪರೀಕ್ಷೆಗಿಟ್ಟೆ. ಅವಳ ರಕ್ತಕ್ಕೆ ಕಿಣ್ವದ ಗುರುತು ಸಿಗದಿದ್ದರೆ ದ್ರವ ತಿಳಿಯಾಗಿಯೇ ಉಳಿಯಬೇಕು. ನೋಡುತ್ತಿದ್ದಂತೆ ಕಡು ಹಳದಿಗೆ ತಿರುಗಿತು. ಹಳೆಯ ವೈರಿ ಹೊಸ ಅಂಗಿ ತೊಟ್ಟು ಬಂದರೂ ಅವಳ ರಕ್ತ ಹಿಡಿದೇ ಹಿಡಿಯಿತು. ಈ ಸಲ ಉಸಿರು ಕಟ್ಟಿದರೆ ಪಕ್ಕದಲ್ಲಿ ಡಾಕ್ಟರೂ ಇರುವುದಿಲ್ಲ.

ಇದೇ ಕೆಲಸ ಮಾಡುವ ಕಿಣ್ವ ಇನ್ನೊಂದು ಜಾತಿಯ ಬ್ಯಾಕ್ಟೀರಿಯಾದಲ್ಲಿದೆ, ಅದರ ರೂಪವೇ ಬೇರೆ, ಗುಬ್ಬಿಯ ರಕ್ತಕ್ಕೆ ಗುರುತು ಸಿಗಲಿಕ್ಕಿಲ್ಲ. ಡಾಕ್ಟರು ಅದನ್ನು ತರಿಸಲು ಓಡಾಡುತ್ತಿದ್ದಾರೆ. ಸಿಕ್ಕೇ ಸಿಗುತ್ತದೆ ಎಂದು ಸುಳ್ಳು ಹೇಳಲಾರೆ.

ನನ್ನೊಡನೆ ಮಾತಾಡಬೇಡ. ಬಾಟಲಿಯನ್ನು ಹೊರಗಿಡು, ಸಾಕು.

ನಿನ್ನ ಕಲ್ಲೆದೆಯ
ತಂಗಿ

ತಾ.ಕ.: ಹೋದ ಶನಿವಾರ ಬಂದು ಬಾಗಿಲು ತಟ್ಟಿದೆನಲ್ಲ, ಅದು ರಾಜಿಗಲ್ಲ. ನಾನೇ ಕದ್ದು ತಂದ ಬಾಟಲಿ ಚೀಲದಲ್ಲಿತ್ತು, ಸಿರಿಂಜೂ ಇತ್ತು. ನೀನು ಬಾಗಿಲು ತೆಗೆಯಲಿಲ್ಲ. ನಿನ್ನೆ ಪರೀಕ್ಷೆಗೆ ಬಳಸಿದ್ದು ಆ ಬಾಟಲಿಯನ್ನೇ. ಅವತ್ತಿನ ನಿನ್ನ ಮುನಿಸಿಗೆ ಕೈಮುಗಿಯುತ್ತೇನೆ. ಇವತ್ತೊಂದು ದಿನ ಬಾಗಿಲು ತೆಗೆ.