ಬೀಗರಿಗೆಂದು ಹಾಕಿದ ಸೋಫಾ

ಮಾರ್ಚ್ ೪, ಮಂಗಳವಾರ. ಬೆಳಿಗ್ಗೆ ೧೧

ಮೂರನೆಯ ಗೋಡೆ ಒರೆಸಿ ಆಯಿತು. ಫ್ಯಾನಿನ ರೆಕ್ಕೆ ಬಾಕಿ. ಬಕೆಟ್ಟಿನ ನೀರು ಕಪ್ಪಗೆ, ಮೇಲೆ ಜಿಡ್ಡಿನ ಪೊರೆ. ಇಷ್ಟು ದಿನ ಇದರೊಳಗೇ ಉಸಿರಾಡಿದೆವಲ್ಲ, ಥೂ.

ಭಾನುವಾರ ಬೀಗರು ಬರುತ್ತಾರೆ. ಅಳಿಯ, ಅವನ ತಾಯಿ, ಅವನ ಚಿಕ್ಕಪ್ಪ. ಐದು ವಾರದ ಹಿಂದೆ ಮಗಳು ಒಂದೇ ಚೀಲ ಹಿಡಿದು ಬಂದು, "ಅವರು ಕೈ ಮಾಡ್ತಾರಮ್ಮ, ನಾನಿನ್ನು ಹೋಗಲ್ಲ" ಅಂದಿದ್ದಳು. ಈಗ ರಾಜಿ. ಕೂತು ನಾಲ್ಕು ಮಾತಾಡುವುದು, ಟೀ ಕುಡಿಯುವುದು, ಅವಳನ್ನು ಕರೆದುಕೊಂಡು ಹೋಗುವುದು. ಅದಕ್ಕೇ ಈ ಗೋಡೆ ಒರೆಸುವ ಸಂಭ್ರಮ.

ಈ ಕೋಣೆಯನ್ನು ನಾವು ನಡುಮನೆ ಅನ್ನುತ್ತೇವೆ. ನಾದಿನಿಯ ಬಾಯಲ್ಲಿ ಅದು ಹಾಲ್. ನಿನ್ನೆಯಿಂದ ಅವಳದು ಇಲ್ಲೇ ಠಿಕಾಣಿ.

"ಅತ್ತಿಗೆ, ಈ ಪ್ಲಾಸ್ಟಿಕ್ ಕುರ್ಚಿ ನೋಡಿದ್ರೆ ಅವರು ನಮ್ಮನ್ನ ಏನಂತ ತಿಳ್ಕೊಳ್ತಾರೆ?"

"ಪ್ಲಾಸ್ಟಿಕ್ ಕುರ್ಚಿ ಇರೋರು ಅಂತ."

"ನಿಮ್ಗೆ ಹೇಳೋದೂ ಒಂದೇ, ಈ ಗೋಡೆಗೆ ಹೇಳೋದೂ ಒಂದೇ."

"ಗೋಡೆಗೇ ಹೇಳು. ಈಗ ತಾನೇ ಮುಖ ತೊಳೆದಿದೀನಿ, ಕೇಳಿಸ್ಕೊಳ್ಳುತ್ತೆ."

ಯಜಮಾನರು ಮೂವತ್ತು ವರ್ಷದಿಂದ ಸೋಫಾ ಹೊಲಿಯುತ್ತಾರೆ. ಊರಿಗೆಲ್ಲ ಮೆತ್ತಗೆ ಮಾಡಿಕೊಟ್ಟರು, ನಮ್ಮಲ್ಲಿ ಒಂದು ಸೋಫಾ ಇಲ್ಲ. ಈಗ ಹೊರಗಿನ ಶೆಡ್ಡಿನಲ್ಲಿ ಇರುವುದು ಅಳಿಯನದೇ. ಹೋದ ವಾರ ಟೆಂಪೋದಲ್ಲಿ ಕಳುಹಿಸಿದ. ಸ್ಪ್ರಿಂಗ್ ಹೋಗಿದೆಯಂತೆ. ಹೆಂಡತಿಯನ್ನು ಕರೆದೊಯ್ಯುವಾಗ ಅದನ್ನೂ ಒಯ್ಯುತ್ತಾನಂತೆ. ಎರಡೂ ರಿಪೇರಿಗೆ ಬಂದಿವೆ ಅನ್ನುವ ಹಾಗೆ!

ಅದನ್ನೇ ರಿಪೇರಿ ಮಾಡಿ, ಹೊಸ ಬಟ್ಟೆ ಹೊದಿಸಿ, ನಡುಮನೆಯಲ್ಲಿ ಹಾಕಿ ಬೀಗರನ್ನು ಕೂರಿಸಬೇಕು. ಇದು ನಾದಿನಿಯ ತಲೆಯಲ್ಲಿ ಹುಟ್ಟಿದ್ದು. ಯಜಮಾನರು ಹೂಂ ಅಂದರು. ತಂಗಿ ಹೇಳಿದ್ದಕ್ಕೆ ಉಹೂಂ ಅಂದ ದಿನವಿಲ್ಲ.


ಮಾರ್ಚ್ ೫, ಬುಧವಾರ. ಸಂಜೆ

ಕರ್ಟನ್ ಒಗೆದೆ. ಟೀಪಾಯಿಯ ಕಾಲಿನ ಸಂದಿಯಲ್ಲಿ ಸತ್ತ ಜಿರಳೆ, ಎಂದಿನದೋ. ಮುಟ್ಟಿದರೆ ಪುಡಿ. ಸೋಪು ಹಾಕಿ ಮೂರು ಸಲ ಕೈ ತೊಳೆದೆ.

ಮಗಳು ಗಾಜು ಒರೆಸುತ್ತಿದ್ದಳು. ಒರೆಸಿದ್ದನ್ನೇ ಒರೆಸುತ್ತಿದ್ದಳು. ನಾನು ಬಾಯಿ ಮುಚ್ಚಿಕೊಂಡಿರಬಾರದಿತ್ತೇ...

"ಭಗವಂತ ತಾಳ್ಮೆ ಇರೋರ ಕೈ ಬಿಡಲ್ಲ ಕಣೆ. ಸಿಟ್ಟಲ್ಲಿ ಒಂದೇಟು ಹಾಕಿದಾನೆ. ಹೊಂದ್ಕೊಂಡು ಹೋದ್ರೆ ಸರಿಹೋಗುತ್ತೆ."

"ಒಂದೇಟು ಅಂತ ಯಾರು ಹೇಳಿದ್ರು?"

"ನಿಮ್ಮಪ್ಪನ ಹತ್ರ ಅವನೇ ಹೇಳಿದ್ನಂತೆ."

ಬಟ್ಟೆ ಹಿಂಡಿ ಒಳಗೆ ಹೋದಳು.


ಮಾರ್ಚ್ ೭, ಶುಕ್ರವಾರ. ಮಧ್ಯಾಹ್ನ ೩

ನಿನ್ನೆ ಬರೆಯಲಾಗಲಿಲ್ಲ. ಬರೆಯುವಂಥದ್ದಲ್ಲ. ಆದರೂ ಬರೆದೇ ತೀರುತ್ತೇನೆ.

ನಿನ್ನೆ ಶೆಡ್ಡಿನಲ್ಲಿ ಸೋಫಾ ಬಿಚ್ಚುತ್ತಿದ್ದೆವು. ಮೊಳೆ ಕೀಳುವ ಕೆಲಸ ಯಾವತ್ತೂ ನನ್ನದು. ಕಿತ್ತ ಮೊಳೆ ಡಬ್ಬಿಗೆ, ಬಟ್ಟೆ ಒಂದು ಕಡೆಗೆ. ಆಮೇಲೆ ಸೀಟಿಗೂ ಬೆನ್ನಿಗೂ ನಡುವಿನ ಸಂದಿಗೆ ಕೈ ಹಾಕುವುದು. ಯಾರ ಸೋಫಾ ಆದರೂ ಆ ಹೊಟ್ಟೆಯಲ್ಲಿ ಏನಾದರೂ ಇದ್ದೇ ಇರುತ್ತದೆ. ಪೆನ್ನಿನ ಮುಚ್ಚಳ, ಬಿಸ್ಕತ್ತಿನ ಚೂರು, ಮಕ್ಕಳ ಆಟಿಕೆ. ಒಮ್ಮೆ ಒಬ್ಬ ಮೇಷ್ಟ್ರ ಹಲ್ಲಿನ ಸೆಟ್ಟೇ ಸಿಕ್ಕಿತ್ತು.

ಈ ಸಲ ಕೈಗೆ ಬಂದದ್ದು ಕೂದಲು. ಒಂದು ಹಿಡಿ.

ಬಾಚುವಾಗ ಉದುರಿದ ಕೂದಲು ನನಗೆ ಗೊತ್ತಿಲ್ಲವೇ? ಅದು ಒಂದೊಂದಾಗಿ ಬರುತ್ತದೆ, ಉಂಡೆಯಾಗಿ ಸುತ್ತಿಕೊಳ್ಳುತ್ತದೆ. ಇದು ಹಾಗಲ್ಲ. ಎಲ್ಲ ಒಂದೇ ಕಡೆ ಮುಖ. ತುದಿಯಲ್ಲಿ ಬಿಳಿ ಬುಡ. ಕೆಲವಕ್ಕೆ ಒಣಗಿದ ಚರ್ಮ. ನಡುವೆ ಅವಳ ನೀಲಿ ಕ್ಲಿಪ್ಪು, ಹಲ್ಲು ಮುರಿದದ್ದು. ಸಂದಿಯ ಗೋಣಿಬಟ್ಟೆಯ ಮೇಲೆ ಕಂದು ಕಲೆ.

ಹೊರಗೆ ಓಡಿ ವಾಂತಿ ಮಾಡಿದೆ.

ಬಂದ ದಿನದಿಂದಲೂ ತಲೆಗೆ ಬಟ್ಟೆ ಕಟ್ಟಿಕೊಂಡೇ ಇದ್ದಾಳೆ. "ಕೂದಲು ಉದುರ್ತಿದೆಯಮ್ಮ" ಅಂದಳು. ನಾನು ಮಹಾ ತಾಯಿ, ಎಣ್ಣೆ ಕಾಯಿಸಿ ತಂದು, ಬಟ್ಟೆ ಬಿಚ್ಚಲು ಬಿಡದಿದ್ದರೆ ಅದರೊಳಗೇ ಕೈ ತೂರಿಸಿ ತಿಕ್ಕಿದೆ. ಕಿವಿಯ ಹಿಂದೆ ಬೆರಳು ಹೋದಾಗ ಮೈಯೆಲ್ಲ ಹಿಡಿಯಾಗಿ ಮುದುರಿದಳು. "ಅಲುಗಾಡ್ಬೇಡ ಸುಮ್ನಿರು" ಅಂದೆ. ಅಂದೆನಲ್ಲ! ತಿಕ್ಕುತ್ತಾ ತಾಳ್ಮೆಯ ಉಪದೇಶ ಬೇರೆ. ಈ ಕೈಯನ್ನು ನೋಡಿದರೆ ನನಗೇ ಹೇಸಿಗೆ.

ಯಜಮಾನರಿಗೆ ತೋರಿಸಿದೆ. ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಕನ್ನಡಕ ತೆಗೆದು ಒರೆಸಿದರು.

"ಎಲ್ಲಾ ಸೋಫಾದಲ್ಲೂ ಕೂದಲಿರುತ್ತೆ. ಬಿಸಾಕು."

"ಇನ್ನೊಂದ್ಸಲ ಹೇಳಿ. ನನ್ನ ಮುಖ ನೋಡಿ ಹೇಳಿ."

"ಅವಳನ್ನ ಮನೇಲಿ ಇಟ್ಕೊಂಡು ಎಷ್ಟು ದಿನ ಅಂತ... ನಾಳೆ ಜನ ಕೇಳಿದ್ರೆ?"

ಗಿರಾಕಿಯ ಸೋಫಾದಲ್ಲಿ ಒಂದು ಗುಂಡಿ ಸಿಕ್ಕಿದರೂ ಕಾಗದದಲ್ಲಿ ಕಟ್ಟಿ ವಾಪಸ್ಸು ಕೊಟ್ಟ ಮನುಷ್ಯ. ಮಗಳ ತಲೆಯ ಚರ್ಮ ಮಾತ್ರ ಬಿಸಾಕಬೇಕು!

ಬಿಸಾಕಲಿಲ್ಲ. ಕಾಗದದಲ್ಲಿ ಸುತ್ತಿ ಇಟ್ಟೆ.


ಮಾರ್ಚ್ ೮, ಶನಿವಾರ. ಬೆಳಿಗ್ಗೆ ೬

ದೇವರ ಮುಂದೆ ಕೂತೆ. ದಿನದ ಪ್ರಾರ್ಥನೆ ಬಿಟ್ಟು ಬೇರೆಯೇ ಬಾಯಿಗೆ ಬಂತು. ನಿನ್ನ ಹೆಸರು ಹೇಳಿ ಅವಳ ಬಾಯಿ ಮುಚ್ಚಿಸಿದೆನಲ್ಲ ತಂದೆ, ಅದನ್ನು ನೀನು ಹೇಗೆ ಸಹಿಸಿಕೊಂಡೆ?


ಅದೇ ದಿನ, ಸಂಜೆ

ಸೋಫಾ ನಡುಮನೆಗೆ ಬಂತು. ಹಸಿರು ಬಟ್ಟೆ, ನಮ್ಮ ಶೆಡ್ಡಿನದೇ, ಒಳ್ಳೆಯ ಥಾನಿನಿಂದ ಕತ್ತರಿಸಿದ್ದು. ಹೊಲಿಗೆಯಲ್ಲಿ ಒಂದು ಸುಕ್ಕಿಲ್ಲ. ಕೆಲಸಗಾರ ಅಂದರೆ ಅವರೇ, ಅದನ್ನು ಇಲ್ಲ ಅನ್ನಲಾರೆ. ನಾನು ಮಾತ್ರ ಅದರ ಮೇಲೆ ಕೂರಲಿಲ್ಲ.

ನಾದಿನಿ ದಿಂಬು ತಂದು ಮೂಲೆಗೊಂದು ನಿಲ್ಲಿಸಿದಳು. ಹೊಸ ಕಪ್ಪುಗಳು. ಪ್ಲಾಸ್ಟಿಕ್ ಹೂವು. ಏನೋ ಸ್ಪ್ರೇ ಹೊಡೆದಳು, ಮಲ್ಲಿಗೆಯಂತೆ, ಫಿನಾಯಿಲಿನ ತಮ್ಮನ ಹಾಗಿದೆ.

"ಅತ್ತಿಗೆ, ನಾಳೆ ಸ್ವಲ್ಪ ನಗ್ತಾ ಇರಿ. ಕಹಿ ಮುಖ ಮಾಡ್ಕೊಂಡು ಟೀ ಕೊಟ್ರೆ ಯಾರು ಕುಡೀತಾರೆ?"

"ನೀನೇ ಕೊಡು."

ಮಗಳು ಚೀಲಕ್ಕೆ ಬಟ್ಟೆ ತುಂಬುತ್ತಿದ್ದಳು. ಪೊಟ್ಟಣ ಬಿಚ್ಚಿ ತೋರಿಸಿದೆ. ನೋಡಿದಳು, ನೋಡಿ ಮತ್ತೆ ಬಟ್ಟೆ ಮಡಚಿದಳು.

"ಬಿಡಮ್ಮ. ಅಪ್ಪ ಪಾಪ ಅಷ್ಟು ಚೆನ್ನಾಗಿ ಹೊಲಿದಿದಾರೆ."


ಮಾರ್ಚ್ ೯, ಭಾನುವಾರ. ಸಂಜೆ ೬

ನಾಲ್ಕಕ್ಕೆ ಬಂದರು. ಮೂವರೂ ಸೋಫಾದ ಮೇಲೆ. ಬೀಗಿತ್ತಿ ಕೈಯಾಡಿಸಿ ನೋಡಿದರು.

"ನೋಡ್ರೀ, ಹೊಸದರ ಹಾಗೇ ಮಾಡಿದಾರೆ! ಸೊಸೆನೂ ಹಿಂಗೇ ಹೊಸಬಳಾಗಿ ಬರ್ಲಿ."

ನಾದಿನಿ ನಕ್ಕಳು. ಚಿಕ್ಕಪ್ಪ ಬಿಸ್ಕತ್ತು ಅದ್ದಿ ತಿಂದ. ಅಳಿಯ ಕಾಲ ಮೇಲೆ ಕಾಲು ಹಾಕಿ, "ಮಾವ, ನಂದೂ ಸ್ವಲ್ಪ ತಪ್ಪಿದೆ, ಅವಳ್ದೂ ಸ್ವಲ್ಪ ತಪ್ಪಿದೆ" ಅಂದ. ತೂಗಿ ಕೊಟ್ಟ ಹಾಗೆ. ಮಗಳು ಬಾಗಿಲ ಹತ್ತಿರ ಚೀಲ ಹಿಡಿದು ನಿಂತಿದ್ದಳು.

ಟೀಪಾಯಿಯ ಮೇಲೆ ಕಾಗದ ಬಿಚ್ಚಿಟ್ಟೆ. ಬಿಸ್ಕತ್ತಿನ ತಟ್ಟೆಯ ಪಕ್ಕದಲ್ಲೇ.

"ಇದು ನಿಮ್ಮ ಸೋಫಾದಲ್ಲಿ ಸಿಕ್ತು. ಇದರಲ್ಲಿ ಸ್ವಲ್ಪ ಯಾವುದು, ತೋರ್ಸಪ್ಪ."

ಚಿಕ್ಕಪ್ಪನ ಬಿಸ್ಕತ್ತು ಟೀಯಲ್ಲೇ ಕರಗಿ ಬಿತ್ತು. ಅಳಿಯ ಕಾಲು ಇಳಿಸಿದ.

"ಏನ್ರೀ ಇದು ಗಲೀಜು, ತಿನ್ನೋ ಜಾಗದಲ್ಲಿ!" ಬೀಗಿತ್ತಿ ಮೂಗು ಮುಚ್ಚಿಕೊಂಡರು. "ಗಂಡ ಹೆಂಡ್ತಿ ಅಂದ್ಮೇಲೆ ಒಂದು ಮಾತು ಬರುತ್ತೆ, ಒಂದು ಕೈ ಹೋಗುತ್ತೆ. ಅದನ್ನೆಲ್ಲ ಹುಡುಕಿ ಹುಡುಕಿ ಇಡ್ತಾರಾ?"

ಗಲೀಜಂತೆ.

ನಾದಿನಿ, "ಅಣ್ಣ, ಅತ್ತಿಗೇನ ಒಳಗೆ ಕಳ್ಸು" ಅಂದಳು. ಯಜಮಾನರು ಎದ್ದರು. ನನ್ನ ರಟ್ಟೆ ಹಿಡಿಯುತ್ತಾರೆ ಅಂದುಕೊಂಡೆ. ಶೆಡ್ಡಿಗೆ ಹೋಗಿ ಮೊಳೆ ಕೀಳುವ ಉಳಿ ತಂದರು.

"ಎದ್ದೇಳಿ."

"ಯಾಕೆ ಮಾವ?"

"ಬಟ್ಟೆ ನಂದು. ಫ್ರೇಮು ನಿಂದು. ಎದ್ದೇಳು."

ಮೂವರೂ ಎದ್ದು ಗೋಡೆಗೆ ಒರಗಿದರು. ಯಜಮಾನರು ನೆಲದ ಮೇಲೆ ಮಂಡಿಯೂರಿ, ತಾವೇ ಹೊಡೆದ ಮೊಳೆಗಳನ್ನು ಒಂದೊಂದಾಗಿ ಕಿತ್ತರು. ಗಡಿಬಿಡಿಯಿಲ್ಲ. ಬಟ್ಟೆ ಎಲ್ಲೂ ಹರಿಯದ ಹಾಗೆ. ಅರ್ಧ ಗಂಟೆ ಹಿಡಿಯಿತು. ಕಿತ್ತದ್ದೆಲ್ಲ ಡಬ್ಬಿಗೆ. ಕಣ್ಣು ಒದ್ದೆ. ನನ್ನ ಕಡೆ ನೋಡಲಿಲ್ಲ.

ಕೊನೆಗೆ ಹೇಳಿದರು: "ಟೆಂಪೋದವನಿಗೆ ಫೋನ್ ಮಾಡಿ. ಇದೊಂದೇ ಲೋಡು. ಹುಡುಗಿ ಬರಲ್ಲ."

ಚಿಕ್ಕಪ್ಪನೂ ಅಳಿಯನೂ ಸ್ಪ್ರಿಂಗ್ ಬಿಟ್ಟುಕೊಂಡ ಸೋಫಾ ಹೊತ್ತು ಮೆಟ್ಟಿಲಿಳಿದರು. ಬೀಗಿತ್ತಿ ಬೈಯುತ್ತಾ ಹಿಂದೆ. ನಾದಿನಿ ದಿಂಬು ಎತ್ತಿಕೊಂಡು ಮನೆಗೆ ಹೋದಳು, ಎರಡೂ ಅವಳವೇ.


ಮಾರ್ಚ್ ೧೦, ಸೋಮವಾರ. ಬೆಳಿಗ್ಗೆ ೧೦

ಹೊಸ ಕಪ್ಪು ಬಿಸಿನೀರಿಗೆ ಹಾಕಿದೆ. ಯಾವುದರಲ್ಲಿ ಅವನು ಕುಡಿದನೋ ಗೊತ್ತಾಗಲಿಲ್ಲ, ಎಲ್ಲವನ್ನೂ ಕುದಿಸಿದೆ. ಯಜಮಾನರು ಬೆಳಿಗ್ಗೆಯಿಂದ ಶೆಡ್ಡಿನಲ್ಲೇ. "ಬಿಸಾಕು" ಅಂದದ್ದನ್ನು ನಾನಿನ್ನೂ ನುಂಗಿಲ್ಲ. ಟೀ ಮಾತ್ರ ಕೊಟ್ಟು ಬಂದೆ. ನನ್ನ ಎಣ್ಣೆಯ ಕೈಯನ್ನು ಅವಳು ಹೇಗೆ ನುಂಗುತ್ತಾಳೋ, ಅದೂ ಗೊತ್ತಿಲ್ಲ.

ನಡುಮನೆ ಖಾಲಿ. ಮಗಳು ಬರಿ ನೆಲದ ಮೇಲೆ ಗೋಡೆಗೊರಗಿ ಕೂತಿದ್ದಾಳೆ. ತಲೆಯ ಬಟ್ಟೆ ಬಿಚ್ಚಿದ್ದಾಳೆ. ಕಿವಿಯ ಹಿಂದೆ ಅಂಗೈಯಗಲ ಬೋಳು, ಇಲ್ಲಿಂದಲೇ ಕಾಣುತ್ತದೆ. ನೋಡಬೇಕು. ನೋಡುತ್ತಿದ್ದೇನೆ.

"ಅಮ್ಮ, ಬರೆಯೋದು ನಿಲ್ಸಿ ಸ್ವಲ್ಪ ಬಾ. ಮೊದಲಿಂದ ಹೇಳ್ತೀನಿ. ಮಧ್ಯ ಮಾತಾಡ್ಬೇಡ."

ಇಲ್ಲ, ಮಾತಾಡುವುದಿಲ್ಲ. ಪೆನ್ನು ಇಡುತ್ತೇನೆ.