ಹುಲಿಗೆವ್ವ ಯಾಕೆ ಸಾಯಬೇಕಿತ್ತು?

ಟಿ.ಬಿ. ಡ್ಯಾಂ, ಹೊಸಪೇಟೆ
೧೫ ಡಿಸೆಂಬರ್ ೨೦೨೪

ಪ್ರೀತಿಯ ಅನುಸೂಯಕ್ಕಾ,

ನಾಗಪುರದ ಚಳಿಗೆ ನಿನ್ನ ಕೆಮ್ಮು ಹೆಚ್ಚಾಗಿಲ್ಲ ತಾನೇ? ಊರವರಿಗೆಲ್ಲ ಔಷಧಿ ಕೊಡುವ ನರ್ಸಮ್ಮ ತನ್ನ ಮಾತ್ರೆ ಮರೆಯುತ್ತಾಳೆಂದು ಅಮ್ಮನ ಗೊಣಗಾಟ. ನಾವಿಬ್ಬರೂ ಆರಾಮ. ಆರಾಮ ಅಂದರೆ, ನೀನು ಕಳಿಸಿದ ಕಾದಂಬರಿ ಮನೆಯನ್ನೇ ತಲೆಕೆಳಗು ಮಾಡಿದೆ, ಅಷ್ಟೇ!

ಊರಿಂದ ಹೊರಹಾಕಿಸಿಕೊಂಡ ಮೂವರು ಗೆಳತಿಯರು ಹೆದ್ದಾರಿ ಪಕ್ಕ ಚಹಾದಂಗಡಿ ಇಡುವ ಭಾಗ ಓದಿ ಹೇಳುತ್ತಿದ್ದರೆ ಅಮ್ಮ ನಕ್ಕೂ ನಕ್ಕೂ ರೊಟ್ಟಿ ಸೀಯಿಸಿದಳು. ಆದರೆ ಆ ಕೊನೆ! ನಮ್ಮ ಕೇರಿಯಂಥದೇ ಕೇರಿಯ ಹುಲಿಗೆವ್ವ ಕಾಲುವೆ ಪಾಲಾಗುತ್ತಾಳೆ. ಉಳಿದಿಬ್ಬರು ಅತ್ತು ಹಗುರಾಗಿ ಊರು ಸೇರುತ್ತಾರೆ. ಪುಸ್ತಕವನ್ನು ಮೂಲೆಗೆಸೆದೆ. "ಸಾಯಾಕ ಯಾವಾಗ್ಲೂ ನಮ್ಮಾಕಿನ ಬೇಕೇನು ಇವ್ರಿಗೆ?" ಎಂದು ಅಮ್ಮ ಸಿಡಿದಳು. ಆಮೇಲೆ ಅವಳೇ ಎದ್ದು ಅದನ್ನೆತ್ತಿ ಒರೆಸಿ, "ನಗೋದು ಇನ್ನೊಮ್ಮೆ ಓದು" ಅಂದಳು. ಬೈಯಲೂ ಮನಸ್ಸು, ಅಪ್ಪಿಕೊಳ್ಳಲೂ ಮನಸ್ಸು. ಅಂಥ ಪುಸ್ತಕ ಅಕ್ಕಾ.

ಅವತ್ತೇ ಅಮ್ಮ ಮೊದಲ ಸಲ ಜಂಬಮ್ಮನ ಹೆಸರೆತ್ತಿದ್ದು. ಕಂಪ್ಲಿಯ ಅಕ್ಕಿ ಗಿರಣಿ ಯಜಮಾನರ ಮಗಳಂತೆ. ಗಿರಣಿ ಅಂಗಳದಲ್ಲಿ ಭತ್ತ ಒಣಗಿಸುತ್ತಿದ್ದ ಅಮ್ಮನ ಬುತ್ತಿಯಲ್ಲಿ ಉಂಡದ್ದಕ್ಕೆ ಅವರನ್ನು ಶಾಲೆ ಬಿಡಿಸಿ ಸಂಡೂರಿಗೆ ಮದುವೆ ಮಾಡಿಕೊಟ್ಟರಂತೆ. ಅಮ್ಮನನ್ನು ಕೆಲಸದಿಂದ ಓಡಿಸಿದರಂತೆ. "ಆಕಿನೂ ಸತ್ತಿಲ್ಲ, ನಾನೂ ಸತ್ತಿಲ್ಲ. ಮತ್ತ ನಮ್ಮ ಕಥಿ ಯಾಕ ಮುಗೀತು?" ಅಂದವಳು, ಬೆಳಿಗ್ಗೆ ನನ್ನನ್ನೂ ಎಳೆದುಕೊಂಡು ಸಂಡೂರಿನ ಬಸ್ಸು ಹತ್ತಿಯೇಬಿಟ್ಟಳು!

ಕೇಳುತ್ತ ಕೇಳುತ್ತ ಮನೆ ಸಿಕ್ಕಿತು. ಬೆಳ್ಳಿಗೂದಲ ಹೆಂಗಸು ಕನ್ನಡಕ ಸರಿಮಾಡಿಕೊಂಡು ನೋಡಿ, ಓಣಿಗೆಲ್ಲ ಕೇಳುವಂತೆ "ಲೇ ದುರ್ಗೀ!" ಎಂದು ಕೂಗಿದರು ನೋಡು, ಅಮ್ಮನನ್ನು ಹಾಗೆ ಹೆಸರಿಡಿದು ಕರೆದವರನ್ನು ನಾನು ಕಂಡೇ ಇರಲಿಲ್ಲ! ಮಗ ರೇವಣಸಿದ್ದ ಮಾತ್ರ ನಾವು ಯಾವ ಕೇರಿಯವರೆಂದು ತಿಳಿದೊಡನೆ ಬಾಗಿಲಿಗೆ ಅಡ್ಡ ಬಂದ. "ಅಲ್ಲೇ ಕುಂದ್ರಿ, ಚಾ ಹೊರಗ ಕಳಿಸ್ತೀವಿ." ಜಂಬಮ್ಮ ಅವನ ಮುಖ ನೋಡಿ ಒಳಗೆ ಹೋದರು. ನಾನು ಸಿಟ್ಟಿನಿಂದ ಅಮ್ಮನ ಕೈ ಜಗ್ಗಿದೆ, ಅಮ್ಮ ಅಲ್ಲಾಡಲಿಲ್ಲ. ಅಷ್ಟರಲ್ಲಿ ಜಂಬಮ್ಮ ಚೀಲಕ್ಕೆ ಸೀರೆ ತುರುಕಿಕೊಂಡು ಬಂದು ಚಪ್ಪಲಿ ಮೆಟ್ಟಿದರು. "ನಡೀಲೇ, ಜಲ್ದಿ. ಆವತ್ತು ನನ್ನ ಕೇಳಲಾರ್ದ ಕಳಿಸಿದ್ರು. ಇವತ್ತು ನಾನ ಹೊಂಟೀನಿ." ಬಸ್ಸಿನಲ್ಲಿ ಇಬ್ಬರೂ ಕಿಟಕಿ ಸೀಟಿಗೆ ಜಗಳವಾಡಿದರು!

ಇನ್ನೊಂದು ಪುಸ್ತಕ ಕಳಿಸು, ಆದರೆ ಎಲ್ಲರೂ ಬದುಕಿ ಉಳಿಯುವಂಥದ್ದು. ಅಮ್ಮ ನಿನ್ನ ನೆತ್ತಿ ನೇವರಿಸಿದ್ದಾಳೆಂದು ತಿಳಿ. ಜೈ ಭೀಮ್.

ನಿನ್ನ
ಅಂಜಲಿ

ತಾ.ಕ.: ಫೋನಿನಲ್ಲಿ ಹೇಳೋಣವೆಂದರೆ ಇಬ್ಬರೂ ಪಕ್ಕದಲ್ಲೇ ಇರುತ್ತಾರೆ. ಮಗ ಕರೆಯುತ್ತಲೇ ಇದ್ದಾನೆ, ಜಂಬಮ್ಮ "ನಾ ಬರಂಗಿಲ್ಲ" ಅಂದುಬಿಟ್ಟಿದ್ದಾರೆ. ನಿನ್ನ ಕೋಣೆ ಅವರಿಗೆ ಕೊಟ್ಟಿದ್ದೇವೆ. ನೀನು ಏನನ್ನುವೆಯೋ ಎಂದು ಅಮ್ಮನಿಗೆ ಒಳಗೊಳಗೇ ಅಳುಕು. ಕಾಗದ ಸೇರಿದ ಕೂಡಲೇ ಫೋನ್ ಮಾಡಿ, ಜಂಬಮ್ಮನ ಕೈಗೇ ಕೊಡಿಸಿ, ಇರ್ರಿ ಅನ್ನು.