ಅರ್ಧ ಗಡ್ಡ

ಮಾರ್ಚ್ ೧೪, ಗುರುವಾರ

ನಾಳೆ ಬೆಳಿಗ್ಗೆ ಕತ್ತರಿಗೆ ಆಪರೇಷನ್. ಕಟಿಂಗ್ ಅಂಗಡಿಯ ಈ ಗೆಳೆಯನನ್ನು ನಾನು ಬೇರೆ ಹೆಸರಿನಿಂದ ಕರೆದ ನೆನಪೇ ಇಲ್ಲ.

ಹಿಂದೆ ನನ್ನ ಹೊಟ್ಟೆ ಕೊಯ್ಯುವ ಮುನ್ನಾದಿನ ಇವನು ಸಾಮಾನು ಹೊತ್ತು ವಾರ್ಡಿಗೇ ಬಂದಿದ್ದ. ಒಂದು ಕೆನ್ನೆ ನುಣ್ಣಗೆ ಬೋಳಿಸಿ ಕತ್ತಿ ಮಡಚಿಬಿಟ್ಟ. ಇನ್ನೊಂದು ಕೆನ್ನೆ ಯಾವಾಗ ಎಂದು ಕೇಳಿದರೆ, "ಎದ್ದು ಅಂಗಡಿಗೆ ಬಾ, ಮಾಡ್ತೀನಿ. ಬರದೆ ಎಲ್ಲಿಗೆ ಹೋಗ್ತೀಯಾ?" ಎಂದ. ನರ್ಸ್‌ಗಳು ಬಿದ್ದು ಬಿದ್ದು ನಕ್ಕರು. ಆ ನಾಚಿಕೆಯಲ್ಲಿ ನನಗೆ ಹೆದರಲೂ ಪುರುಸೊತ್ತಾಗಲಿಲ್ಲ. ನಾನು ಎದ್ದು ಬಂದದ್ದು ಡಾಕ್ಟರ ಕೈಗುಣ ಎನ್ನುತ್ತಾರೆ ಮನೆಯವರು. ಅರ್ಧ ಪಾಲು ಇವನದು.

ಆಮೇಲೆ ಅಂಗಡಿಗೆ ರಜೆಯಿರುವ ಎಷ್ಟು ಮಂಗಳವಾರ ಕೆರೆ ದಂಡೆಯಲ್ಲಿ ಗಾಳ ಹಾಕಿ ಕೂತೆವೋ! ಇವನ ಬಾಯಿಗೆ ಹೆದರಿ ಮೀನೆಲ್ಲ ಆಚೆ ದಡ ಸೇರುತ್ತಿದ್ದವು. ಅಪ್ಪಿತಪ್ಪಿ ಸಿಕ್ಕ ಮೀನಿನ ಗದ್ದ ಹಿಡಿದು, "ತಲೆ ಸ್ವಲ್ಪ ಎತ್ತಿ ಸ್ವಾಮಿ" ಎನ್ನುತ್ತ ಹುರುಪೆ ಹೆರೆಯುತ್ತಿದ್ದ.

ಇವತ್ತು ಅವನದೇ ಕತ್ತಿ ಹಿಡಿದು ಆಸ್ಪತ್ರೆಯಲ್ಲಿ ಅವನ ಮಂಚದ ಪಕ್ಕ ನಿಂತೆ. "ತಲೆ ಸ್ವಲ್ಪ ಎತ್ತಿ ಸ್ವಾಮಿ" ಎಂದೆ. ಎರಡು ಕಡೆ ಗಾಯವಾಯಿತು. "ಮೀನಿಗೂ ನಾನು ಇಷ್ಟು ಹಿಂಸೆ ಕೊಟ್ಟಿಲ್ಲ ಕಣೋ" ಎಂದು ಗೊಣಗಿದ. ಒಂದು ಕೆನ್ನೆ ಮುಗಿದದ್ದೇ ಕತ್ತಿ ಮಡಚಿ ಜೇಬಿಗೆ ಹಾಕಿಕೊಂಡೆ. ಅವನು ಬೋಳಿಸದ ಕೆನ್ನೆಯನ್ನು ಸವರಿಕೊಂಡ. ಆಮೇಲೆ ನನ್ನ ಕೈ ಹಿಡಿದುಕೊಂಡ.

ಕತ್ತಿ ಈಗ ನನ್ನ ಮೇಜಿನ ಮೇಲಿದೆ. ಇನ್ನೊಂದು ಕೆನ್ನೆಗೆ ಚೆನ್ನಾಗಿ ಮಸೆದಿಡಬೇಕು. ಕೆರೆಗೆ ಹೋಗಲು ಎರೆಹುಳು ಬೇರೆ ಅಗೆದಿಡಬೇಕು.